ಮಗುವನ್ನು ಒಪ್ಪಿಸಿದ ಮೇಲೆ ಬಾಗಿಲು ತಟ್ಟುವವರು ಯಾರು?

ದತ್ತು ಸ್ವೀಕಾರದ ಕುರಿತು ನಮ್ಮಲ್ಲಿ ಚರ್ಚೆಯಾದಾಗಲೆಲ್ಲ ಮಾತು ಮಕ್ಕಳಿಲ್ಲದ ದಂಪತಿಯಿಂದ ಆರಂಭವಾಗಿ ಅವರಲ್ಲಿಯೇ ಮುಗಿಯುತ್ತದೆ. ಅವರು ಎಷ್ಟು ವರ್ಷ ಕಾದರು, ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಿದರು, ಮಗು ಮಡಿಲಿಗೆ ಬಂದ ದಿನ ಹೇಗೆ ಆನಂದಬಾಷ್ಪ ಸುರಿಸಿದರು ಎಂಬುದೇ ಕಥೆ. ಈ ಕಥೆ ಸುಳ್ಳಲ್ಲ. ಆದರೆ ಅದು ಅರ್ಧ ಮಾತ್ರ. ಉಳಿದರ್ಧ ಮಗುವಿನದು. ತಾನು ಹೋಗುತ್ತಿರುವ ಮನೆ ಎಂಥದು ಎಂದು ವಿಚಾರಿಸುವ ಶಕ್ತಿ ಆ ಮಗುವಿಗಿಲ್ಲ. ಹೋದ ಮೇಲೆ ನೋವಾದರೆ ಮರಳಿ ಬರಲು ಅದಕ್ಕೆ ತವರೂ ಇಲ್ಲ. ಮದುವೆಯಾಗಿ ಹೋದ ಮಗಳನ್ನು ವಾರಕ್ಕೊಮ್ಮೆ ವಿಚಾರಿಸಲು ತಂದೆ ತಾಯಿಯಿದ್ದಾರೆ, ಅಣ್ಣ ತಮ್ಮಂದಿರಿದ್ದಾರೆ. ಅನಾಥಾಲಯದ ತೊಟ್ಟಿಲಿನಿಂದ ಹೋದ ಮಗುವನ್ನು ವಿಚಾರಿಸುವವರು ಯಾರು?

ಕಾನೂನು ಈ ಪ್ರಶ್ನೆಗೆ ಒಬ್ಬ ವ್ಯಕ್ತಿಯನ್ನು ತೋರಿಸುತ್ತದೆ. ಅವರೇ ಸಮಾಜ ಕಾರ್ಯಕರ್ತರು. ದತ್ತು ಪಡೆಯಲಿಚ್ಛಿಸುವ ಮನೆಗೆ ಹೋಗಿ ಅಧ್ಯಯನ ನಡೆಸುವವರು, ಮಗು ಸೇರಿದ ಬಳಿಕ ಮತ್ತೆ ಹೋಗಿ ಅದರ ಯೋಗಕ್ಷೇಮ ವಿಚಾರಿಸಿ ವರದಿ ಬರೆಯುವವರು ಅವರು. ಆ ಮಗುವಿನ ಪಾಲಿಗೆ ತವರಿನ ಸ್ಥಾನದಲ್ಲಿ ನಿಲ್ಲಬೇಕಾದವರು. ಇವರ ಹೊಣೆಯ ಬಗ್ಗೆ ನಮ್ಮ ಸಾರ್ವಜನಿಕ ಜೀವನದಲ್ಲಿ ಚರ್ಚೆಯೇ ನಡೆದಿಲ್ಲ. ಎರಡು ಮಕ್ಕಳ ಸಾವಿನ ಹಿನ್ನೆಲೆಯಲ್ಲಿ ಆ ಚರ್ಚೆ ನಡೆಯಬೇಕಾಗಿದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲನೆಯದು ನಮ್ಮದೇ ದೇಶದ ಮಗು. ಬಿಹಾರದ ನಳಂದದ ಅನಾಥಾಲಯವೊಂದರಿಂದ 2016ರಲ್ಲಿ ಒಂದು ಹೆಣ್ಣುಮಗುವನ್ನು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನೆಲೆಸಿದ್ದ ಭಾರತೀಯ ಮೂಲದ ದಂಪತಿ ದತ್ತು ಪಡೆದರು. ಸುಶಿಕ್ಷಿತರು, ಉದ್ಯೋಗಸ್ಥರು, ಧರ್ಮಶ್ರದ್ಧೆಯುಳ್ಳವರು. ಅವರಿಗೆ ಆಗಲೇ ಒಬ್ಬ ಮಗಳಿದ್ದಳು. 2017ರ ಅಕ್ಟೋಬರ್‌ನಲ್ಲಿ ಮೂರು ವರ್ಷದ ಆ ಮಗು ಕಾಣೆಯಾಯಿತು. ಹಾಲು ಕುಡಿಯಲಿಲ್ಲವೆಂಬ ಕಾರಣಕ್ಕೆ ನಸುಕಿನ ಮೂರು ಗಂಟೆಗೆ ಮನೆಯ ಹೊರಗೆ ನಿಲ್ಲಿಸಿದ್ದೆ ಎಂದು ದತ್ತು ತಂದೆ ಮೊದಲು ಹೇಳಿದ. ಮಗುವಿನ ಶವ ಮನೆಯ ಸಮೀಪದ ಮೋರಿಯೊಂದರಲ್ಲಿ ಸಿಕ್ಕಿದ ಬಳಿಕ ಹೇಳಿಕೆ ಬದಲಿಸಿದ. 2019ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ಇಷ್ಟು ಅನೇಕರಿಗೆ ನೆನಪಿದೆ. ನೆನಪಿರಬೇಕಾದದ್ದು ಇನ್ನೊಂದಿದೆ. ಮಗು ಹೊಸ ಕುಟುಂಬಕ್ಕೆ ಹೊಂದಿಕೊಳ್ಳುತ್ತಿದೆ ಎಂಬ ಅರ್ಥದ ಅನುಸರಣಾ ವರದಿಗಳು ಭಾರತಕ್ಕೆ ಬಂದಿದ್ದವು. ಅದೇ ಅವಧಿಯಲ್ಲಿ ತೆಗೆದ ಎಕ್ಸ್-ರೇಗಳಲ್ಲಿ ಆ ಮಗುವಿನ ಹಲವು ಮೂಳೆಗಳು ಮುರಿದು ಕೂಡಿಕೊಳ್ಳುತ್ತಿರುವುದು ಕಂಡಿತ್ತೆಂದು ಮಕ್ಕಳ ವೈದ್ಯೆಯೊಬ್ಬರು ಅನಂತರ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದರು. ಅಂದರೆ ಒಂದು ಕಡತದಲ್ಲಿ ಮಗು ಕ್ಷೇಮ. ಇನ್ನೊಂದು ಕಡತದಲ್ಲಿ ಮಗುವಿನ ಮೂಳೆ ಮುರಿದಿದೆ. ಈ ಎರಡು ಕಡತಗಳನ್ನು ಒಂದೇ ಮೇಜಿನ ಮೇಲಿಟ್ಟು ಸಕಾಲದಲ್ಲಿ ಮಗುವನ್ನು ಆ ಮನೆಯಿಂದ ಹೊರತರುವ ಕೆಲಸ ನಡೆಯಲಿಲ್ಲ.

ಎರಡನೆಯ ಘಟನೆ ಬ್ರಿಟನ್ನಿನ ಕಾರ್ಡಿಫ್ ನಗರದ್ದು. 2015ರ ಸೆಪ್ಟೆಂಬರ್‌ನಲ್ಲಿ ಒಂದು ಹಸುಳೆಯನ್ನು ದತ್ತು ಕುಟುಂಬಕ್ಕೆ ಒಪ್ಪಿಸಲಾಯಿತು. ನವೆಂಬರ್‌ನಲ್ಲಿ ಮಗುವಿನ ಕಾಲು ಮುರಿಯಿತು. ಡಿಸೆಂಬರ್‌ನಲ್ಲಿ ಹಣೆಯ ಮೇಲೆ ದೊಡ್ಡ ಕಂದುಗಾಯ ಕಾಣಿಸಿತು. 2016ರ ಮಾರ್ಚ್‌ನಲ್ಲಿ ಮೆಟ್ಟಿಲಿನಿಂದ ಬಿತ್ತೆಂದು ಆಸ್ಪತ್ರೆಗೆ ತರಲಾಯಿತು. ಮೇ ತಿಂಗಳಲ್ಲಿ ನ್ಯಾಯಾಲಯವು ದತ್ತನ್ನು ಅಂತಿಮಗೊಳಿಸಿತು. ಆ ಬಳಿಕ ಎರಡೇ ವಾರಗಳಲ್ಲಿ ಆ ಕುಟುಂಬದ ದತ್ತು ತಂದೆಯೊಬ್ಬನ ಕೈಯಲ್ಲಿ ಹದಿನೆಂಟು ತಿಂಗಳ ಆ ಮಗು ಹತವಾಯಿತು.

ಗಮನಿಸಿ, ಅದು ಸಮಾಜ ಕಾರ್ಯಕರ್ತರಿಲ್ಲದ ದೇಶವಲ್ಲ. ಕಾರ್ಯಕರ್ತರು ಆ ಮನೆಗೆ ಮತ್ತೆ ಮತ್ತೆ ಹೋಗಿದ್ದರು. ಆರೋಗ್ಯ ಸಿಬ್ಬಂದಿ ಹೋಗಿದ್ದರು. ವೈದ್ಯರು ಗಾಯಗಳನ್ನು ನೋಡಿದ್ದರು. ಆದರೂ ಮಗು ಸತ್ತದ್ದೇಕೆ? 2018ರಲ್ಲಿ ಪ್ರಕಟವಾದ ಪರಾಮರ್ಶನ ವರದಿಯು ಕಂಡುಕೊಂಡ ಸತ್ಯ ಇದು: ಎಲ್ಲರೂ ಆ ಕುಟುಂಬವನ್ನು ಒಳ್ಳೆಯತನದ ಕನ್ನಡಕದಿಂದಲೇ ನೋಡಿದರು. ದತ್ತು ಎಂಬುದು ಶುಭಕಾರ್ಯ, ದತ್ತು ಪಡೆದವರು ಪರೀಕ್ಷೆಯಲ್ಲಿ ಉತ್ತೀರ್ಣರಾದವರು. ಆದ್ದರಿಂದ ಪ್ರತಿಯೊಂದು ಗಾಯವೂ ಒಂದು ಪ್ರತ್ಯೇಕ ಆಕಸ್ಮಿಕವೆಂದು ದಾಖಲಾಯಿತು. ಕಾಲು, ಹಣೆ, ಮೆಟ್ಟಿಲು ಈ ಮೂರನ್ನೂ ಒಂದೇ ಸಾಲಿನಲ್ಲಿಟ್ಟು ಓದಿದವರಿಲ್ಲ.

ಟೆಕ್ಸಾಸ್ ಮತ್ತು ಕಾರ್ಡಿಫ್ ಕಲಿಸುವ ಪಾಠ ಒಂದೇ. ದತ್ತು ಪಡೆಯುವವರೆಲ್ಲ ಕ್ರೂರಿಗಳು ಎಂಬುದು ಆ ಪಾಠವಲ್ಲ. ಅಂಥ ಮಾತು ಸಾವಿರಾರು ಪ್ರಾಮಾಣಿಕ ತಂದೆತಾಯಂದಿರಿಗೆ ಮಾಡುವ ಅನ್ಯಾಯ. ಭೇಟಿ ನೀಡುವ ಕಾರ್ಯಕರ್ತ ಯಾರ ಪ್ರತಿನಿಧಿ ಎಂಬುದನ್ನು ಮರೆತರೆ ನೂರು ಭೇಟಿಗಳೂ ವ್ಯರ್ಥ ಎಂಬುದೇ ಪಾಠ. ಅವನು ಕುಟುಂಬಕ್ಕೆ ಪ್ರಶಸ್ತಿಪತ್ರ ಬರೆಯಲು ಹೋಗುವವನಲ್ಲ. ಮಾತು ಬಾರದ ಮಗುವಿನ ಪರವಾಗಿ ಸಾಕ್ಷ್ಯ ನುಡಿಯಲು ಹೋಗುವವನು.

ನಮ್ಮ ದೇಶದ ವ್ಯವಸ್ಥೆ ಹೇಗಿದೆ? ಅಂತರದೇಶೀಯ ದತ್ತಿನ ಹೆಸರಿನಲ್ಲಿ ನಡೆಯುತ್ತಿದ್ದ ಅವ್ಯವಹಾರಗಳ ವಿರುದ್ಧ ಲಕ್ಷ್ಮೀಕಾಂತ್ ಪಾಂಡೆ ಎಂಬ ವಕೀಲರು 1982ರಲ್ಲಿ ಸುಪ್ರೀಮ್ ಕೋರ್ಟಿಗೆ ಪತ್ರ ಬರೆದರು. 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ನೀಡಿದ ತೀರ್ಪು ಮೊತ್ತಮೊದಲ ಬಾರಿಗೆ ಈ ಕ್ಷೇತ್ರಕ್ಕೆ ಒಂದು ಶಿಸ್ತನ್ನು ತಂದಿತು. 1990ರಲ್ಲಿ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಕಾರಾ ಸ್ಥಾಪನೆಯಾಯಿತು. ಇಂದು 2015ರ ಬಾಲನ್ಯಾಯ ಕಾಯ್ದೆ ಮತ್ತು 2022ರ ದತ್ತು ನಿಯಮಾವಳಿಗಳ ಪ್ರಕಾರ ಈ ಕಾರ್ಯ ನಡೆಯುತ್ತಿದೆ. ದಂಪತಿ ಹೆಸರು ನೋಂದಾಯಿಸುತ್ತಾರೆ. ಅವರ ಮನೆಗೆ ಹತ್ತಿರದ ವಿಶೇಷ ದತ್ತು ಸಂಸ್ಥೆಯ ಸಮಾಜ ಕಾರ್ಯಕರ್ತರು ಬಂದು ಗೃಹ ಅಧ್ಯಯನ ವರದಿ ಸಿದ್ಧಪಡಿಸುತ್ತಾರೆ. ಆ ವರದಿ ಮೂರು ವರ್ಷ ಊರ್ಜಿತ. ಸರದಿ ಬಂದಾಗ ಮಗುವಿನ ಭಾವಚಿತ್ರ, ಅಧ್ಯಯನ ವರದಿ ಮತ್ತು ವೈದ್ಯಕೀಯ ವರದಿ ಕಂಪ್ಯೂಟರಿನಲ್ಲಿ ದಂಪತಿಗೆ ಕಾಣುತ್ತದೆ. ಒಪ್ಪಿದರೆ ಮಗುವನ್ನು ಮೊದಲು ದತ್ತುಪೂರ್ವ ಪೋಷಣೆಗೆ ಒಪ್ಪಿಸಲಾಗುತ್ತದೆ. ಬಳಿಕ ಜಿಲ್ಲಾಧಿಕಾರಿಯ ಆದೇಶ. ದತ್ತುಪೂರ್ವ ಪೋಷಣೆಗೆ ಒಪ್ಪಿಸಿದ ದಿನದಿಂದ ಎರಡು ವರ್ಷ ಆರು ತಿಂಗಳಿಗೊಮ್ಮೆ ಅನುಸರಣಾ ವರದಿ.

ಕಾಗದದ ಮೇಲೆ ಇದು ಕೆಟ್ಟ ವ್ಯವಸ್ಥೆಯಲ್ಲ. ಆದರೆ ಇದರಲ್ಲಿ ಎರಡು ಬಿರುಕುಗಳಿವೆ. ಒಂದು, ಕುಟುಂಬವನ್ನು ಬಲ್ಲ ಕಾರ್ಯಕರ್ತ ಬೇರೆ, ಮಗುವನ್ನು ಬಲ್ಲ ಕಾರ್ಯಕರ್ತ ಬೇರೆ. ಮೈಸೂರಿನ ದಂಪತಿಗೆ ಮಗು ಒಡಿಶಾದಿಂದ ಬರಬಹುದು. ಮೈಸೂರಿನ ಕಾರ್ಯಕರ್ತೆ ಆ ಮನೆಯ ಕೋಣೆ ಕೋಣೆಯನ್ನು ಬಲ್ಲಳು, ಆದರೆ ಮಗು ರಾತ್ರಿ ಬೆಚ್ಚಿ ಅಳುತ್ತದೆ ಎಂಬುದನ್ನು ಬಲ್ಲವಳಲ್ಲ. ಒಡಿಶಾದ ಆಯಾ ಮಗುವಿನ ಅಳುವನ್ನು ಬಲ್ಲಳು, ಆದರೆ ಆ ಮನೆಯನ್ನು ಕಂಡವಳಲ್ಲ. ಇಬ್ಬರ ವರದಿಗಳು ಕಂಪ್ಯೂಟರಿನಲ್ಲಿ ಭೇಟಿಯಾಗುತ್ತವೆ. ಅವರಿಬ್ಬರು ಪರಸ್ಪರ ಮಾತಾಡಿದ್ದಾರೆಯೇ ಎಂದು ಕೇಳುವವರಾರು?

ಇನ್ನೊಂದು, ಎರಡು ವರ್ಷಗಳ 730 ದಿನಗಳಲ್ಲಿ ಆರು ತಿಂಗಳಿಗೊಂದರಂತೆ ನಾಲ್ಕೇ ಅನುಸರಣಾ ವರದಿಗಳು. ಅದೂ ಮೊದಲೇ ದೂರವಾಣಿ ಕರೆ ಮಾಡಿ, ದಿನ ನಿಗದಿಪಡಿಸಿ ಹೋಗುವ ಭೇಟಿಯಾದರೆ ಅಲ್ಲಿ ಕಾಣುವುದೇನು? ಗುಡಿಸಿದ ಅಂಗಳ, ಹೊಸ ಅಂಗಿ ತೊಟ್ಟ ಮಗು, ತಟ್ಟೆ ತುಂಬ ತಿಂಡಿ, ಒಂದು ಫೋಟೊ. ವರದಿಯಲ್ಲಿ ‘ಮಗು ಚೆನ್ನಾಗಿ ಹೊಂದಿಕೊಂಡಿದೆ’ ಎಂಬ ಒಂದು ಸಾಲು.

ಈ ಒಂದು ಸಾಲಿನ ಜಾಗದಲ್ಲಿ ಇರಬೇಕಾದದ್ದೇ ಸುರಕ್ಷಾ ಯೋಜನೆ. ಅದೇನು ದೊಡ್ಡ ಶಾಸ್ತ್ರವಲ್ಲ. ಈ ಮಗುವಿಗೆ ಈ ಮನೆಯಲ್ಲಿ ಯಾವ ಅಪಾಯ ಸಾಧ್ಯ, ಅದನ್ನು ತಡೆಯಲು ಯಾರು ಏನು ಮಾಡುತ್ತಾರೆ, ಅವರು ಮಾಡುತ್ತಿದ್ದಾರೆಂದು ಯಾರು ಯಾವಾಗ ನೋಡುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಬರವಣಿಗೆಯಲ್ಲಿರುವ ಉತ್ತರ. ‘ಇನ್ನು ಮುಂದೆ ಹೊಡೆಯುವುದಿಲ್ಲ’ ಎಂದು ತಂದೆ ಮಾತು ಕೊಡುವುದು ಸುರಕ್ಷಾ ಯೋಜನೆಯಲ್ಲ. ಯಾರಿಂದ ಅಪಾಯದ ಶಂಕೆಯಿದೆಯೋ ಅವರ ಮಾತನ್ನೇ ಭದ್ರತೆಯೆಂದು ಬರೆದುಕೊಳ್ಳುವುದು ಮಗುವಿಗೆ ಮಾಡುವ ವಂಚನೆ.

ಹಾಗಿದ್ದರೆ ಹೊಣೆಯರಿತ ಕಾರ್ಯಕರ್ತೆ ಕೇಳಬೇಕಾದದ್ದೇನು? ಮನೆ ಸ್ವಂತದ್ದೇ, ಸಂಬಳ ಎಷ್ಟು ಎಂಬುದನ್ನು ಕಾಗದಗಳೇ ಹೇಳುತ್ತವೆ. ಆಕೆ ಕೇಳಬೇಕಾದದ್ದು ಬೇರೆ. ಮಗು ಮೂರು ದಿನ ಊಟ ನಿರಾಕರಿಸಿದರೆ ನೀವೇನು ಮಾಡುವಿರಿ? ಐದು ವರ್ಷದ ಮಗು ಹಾಸಿಗೆ ಒದ್ದೆ ಮಾಡಿದರೆ? ನಿಮ್ಮನ್ನು ‘ಅಮ್ಮ’ ಎಂದು ಕರೆಯಲು ವರ್ಷವಾದರೂ ಒಪ್ಪದಿದ್ದರೆ? ನಿಮ್ಮ ಸಿಟ್ಟು ಕೈಮೀರುವ ಗಳಿಗೆಯಲ್ಲಿ ಮಗುವನ್ನು ಯಾರ ಕೈಗೆ ಕೊಟ್ಟು ಹೊರಗೆ ನಡೆಯುವಿರಿ? ಮನೆಯಲ್ಲಿ ಇನ್ಯಾರು ವಾಸಿಸುತ್ತಾರೆ, ಮಗು ಯಾರೊಂದಿಗೆ ಒಂಟಿಯಾಗಿರುತ್ತದೆ? ದಂಪತಿಗೆ ಸ್ವಂತ ಮಗುವಿದ್ದರೆ ಆ ಮಗು ಏನು ಹೇಳುತ್ತದೆ? ಟೆಕ್ಸಾಸಿನ ದುರಂತ ಹಾಲಿನ ಲೋಟದ ಸುತ್ತ ನಡೆಯಿತೆಂಬುದನ್ನು ನೆನಪಿಟ್ಟುಕೊಂಡರೆ ಊಟದ ಪ್ರಶ್ನೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಹಸಿವು ಮತ್ತು ನಿರ್ಲಕ್ಷ್ಯವನ್ನು ಉಂಡು ಬೆಳೆದ ಮಗುವಿಗೆ ಅನ್ನವೆಂದರೆ ಭಯವೂ ಹೌದು. ಅದು ಹಟವಲ್ಲ, ಗಾಯ. ಇದನ್ನು ಮಗು ಬರುವ ಮೊದಲೇ ದಂಪತಿಗೆ ತಿಳಿಸಿ ಹೇಳುವುದು ಕಾರ್ಯಕರ್ತೆಯ ಮೊದಲ ಹೊಣೆ.

ಮಗು ಬಂದ ಬಳಿಕ ಆಕೆ ಮಗುವನ್ನೇ ನೋಡಬೇಕು. ಮಾತು ಬರುವ ಮಗುವಾದರೆ ಸ್ವಲ್ಪ ಹೊತ್ತು ಏಕಾಂತದಲ್ಲಿ, ಅದರ ಭಾಷೆಯಲ್ಲಿ ಮಾತಾಡಬೇಕು. ಮಾತು ಬಾರದ ಮಗುವಾದರೆ ಅದರ ತೂಕ, ಮೈಮೇಲಿನ ಗುರುತು, ತಾಯಿಯ ಹೆಜ್ಜೆ ಸಪ್ಪಳಕ್ಕೆ ಅದು ಹಿಗ್ಗುತ್ತದೆಯೋ ಕುಗ್ಗುತ್ತದೆಯೋ ಎಂಬುದು ಮಾತಾಡುತ್ತದೆ. ನಡೆಯಲು ಬಾರದ ಹಸುಳೆಯ ಮೈಮೇಲೆ ಕಂದುಗಾಯ ಕಂಡರೆ ಅದನ್ನು ಲಘುವಾಗಿ ಕಾಣಬಾರದೆಂಬುದು ವೈದ್ಯಶಾಸ್ತ್ರದ ಪ್ರಾಥಮಿಕ ಪಾಠ. ಒಂದು ಗಾಯಕ್ಕೆ ಒಂದು ವಿವರಣೆ ಸಿಕ್ಕಬಹುದು. ಎರಡನೆಯ ಗಾಯ ಕಂಡಾಗ ಮೊದಲನೆಯದರ ವಿವರಣೆಯನ್ನೂ ಮತ್ತೆ ತೆರೆದು ಓದಬೇಕು. ಲಸಿಕೆ ಹಾಕುವ ಆರೋಗ್ಯ ಕೇಂದ್ರ, ಅಂಗನವಾಡಿ, ಶಾಲೆ, ನೆರೆಮನೆ ಇವೆಲ್ಲ ಆಕೆಯ ಕಣ್ಣುಗಳಾಗಬೇಕು.

ಇನ್ನೂ ಒಂದು ಮಾತು. ‘ನಮ್ಮಿಂದ ಸಾಧ್ಯವಾಗುತ್ತಿಲ್ಲ’ ಎಂದು ಒಪ್ಪಿಕೊಳ್ಳುವ ದಂಪತಿಯನ್ನು ಅವಮಾನಿಸುವ ಸಮಾಜ ಮಗುವಿನ ಜೀವವನ್ನೇ ಪಣಕ್ಕಿಡುತ್ತದೆ. ದತ್ತು ವಿಫಲವಾದಾಗ ಆಪ್ತ ಸಲಹೆ ನೀಡಲು, ಅಗತ್ಯವಾದರೆ ಮಗುವನ್ನು ಮರಳಿ ಪಡೆದು ಬೇರೆ ಕುಟುಂಬ ಹುಡುಕಲು ನಿಯಮಗಳಲ್ಲಿಯೇ ಅವಕಾಶವಿದೆ. ಮಗುವಿಗೆ ಎರಡನೇ ಬಾರಿ ಅನಾಥವಾಗುವ ನೋವು ಸಣ್ಣದೇನಲ್ಲ. ಆದರೆ ಅದು ಸಾವಿಗಿಂತ ಸಣ್ಣದು. ಸಂಕಟದಲ್ಲಿರುವ ತಾಯಿ ಭಯವಿಲ್ಲದೆ ಕರೆ ಮಾಡಬಹುದಾದ ವ್ಯಕ್ತಿ ಕಾರ್ಯಕರ್ತೆಯಾಗಿರಬೇಕು. ಪೊಲೀಸಳಂತೆ ಕಂಡರೆ ಸತ್ಯ ಹೊರಬರದು, ನೆಂಟಳಂತೆ ವರ್ತಿಸಿದರೆ ಸತ್ಯ ಕಾಣದು. ಈ ಎರಡರ ನಡುವೆ ನಡೆಯುವುದೇ ಆ ವೃತ್ತಿಯ ಕಷ್ಟ.

ಇಷ್ಟೆಲ್ಲ ಮಾಡಬೇಕಾದ ಕಾರ್ಯಕರ್ತರನ್ನು ನಮ್ಮ ಸರಕಾರಗಳು ಹೇಗೆ ನಡೆಸಿಕೊಳ್ಳುತ್ತಿವೆ ಎಂಬುದು ಬೇರೆಯೇ ಪ್ರಶ್ನೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳ ಸಿಬ್ಬಂದಿಯಲ್ಲಿ ಬಹುತೇಕರು ಗುತ್ತಿಗೆ ನೌಕರರು. ಬಾಲ್ಯವಿವಾಹ ತಡೆಯಲೂ ಅವರೇ, ಬಾಲಕಾರ್ಮಿಕರನ್ನು ಹುಡುಕಲೂ ಅವರೇ, ಅನಾಥ ಮಕ್ಕಳ ಪಟ್ಟಿ ಬರೆಯಲೂ ಅವರೇ. ಇತ್ತ ದತ್ತಿಗಾಗಿ ನೋಂದಾಯಿಸಿ ಕಾಯುತ್ತಿರುವ ಕುಟುಂಬಗಳ ಸಂಖ್ಯೆ 30,000ವನ್ನು ಮೀರಿದೆ. ಕಾಯುವವರ ಒತ್ತಡ ಸರಕಾರದ ಮೇಲಿದೆ. ಆದ್ದರಿಂದ ಅದಕ್ಕೆ ವೇಗ ಬೇಕು. 2021ರ ತಿದ್ದುಪಡಿಯ ಮೂಲಕ ದತ್ತು ಆದೇಶದ ಅಧಿಕಾರವನ್ನು ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ವರ್ಗಾಯಿಸಲಾಯಿತು. 2022ರ ಸೆಪ್ಟೆಂಬರ್‌ನಿಂದ ಅದು ಜಾರಿಗೆ ಬಂತು. ವಿಳಂಬ ತಪ್ಪಿಸುವುದೇ ಅದಕ್ಕೆ ನೀಡಿದ ಸಮರ್ಥನೆ. 2024-25ರಲ್ಲಿ 4,515 ಮಕ್ಕಳು ದತ್ತು ಹೋದುದನ್ನು ಸರಕಾರವು ಸಾಧನೆಯೆಂದು ಪ್ರಕಟಿಸಿತು. ಮಗುವೊಂದು ಅನಾಥಾಲಯದಲ್ಲಿ ಕೊಳೆಯುವುದಕ್ಕಿಂತ ಕುಟುಂಬ ಸೇರುವುದು ಮೇಲು ಎಂಬುದರಲ್ಲಿ ನಮಗೂ ಸಂದೇಹವಿಲ್ಲ. ಆದರೆ ಎಷ್ಟು ಮಕ್ಕಳನ್ನು ಒಪ್ಪಿಸಿದೆವು ಎಂದು ಎದೆತಟ್ಟಿ ಹೇಳುವವರು, ಒಪ್ಪಿಸಿದ ಮಕ್ಕಳಲ್ಲಿ ಎಷ್ಟು ಮಂದಿಯನ್ನು ಸಕಾಲದಲ್ಲಿ ಕಣ್ಣಾರೆ ಕಂಡೆವು ಎಂಬ ಲೆಕ್ಕವನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಡವೇ?

ಇನ್ನು ನಮ್ಮ ಮನೆಗಳ ಕಡೆಗೆ ಬರೋಣ. ಇದು ನಮಗೆ ಸಂಬಂಧಪಡದ ವಿಷಯ, ಇಸ್ಲಾಮಿನಲ್ಲಿ ದತ್ತು ಇಲ್ಲ ಎಂದು ಪುಟ ತಿರುವಲು ಹೊರಟ ಓದುಗರಲ್ಲಿ ನಮ್ಮದೊಂದು ವಿನಂತಿ. ಮಗುವಿನ ವಂಶನಾಮವನ್ನು ಅಳಿಸಿ ಹೊಸದನ್ನು ಬರೆಯುವ ದತ್ತಿಗೆ ಶರೀಅತ್‌ನಲ್ಲಿ ಅವಕಾಶವಿಲ್ಲ ನಿಜ. ಆದರೆ ಅನಾಥನನ್ನು ಮನೆಗೆ ಕರೆತಂದು ಸಾಕುವ ಕಫಾಲತ್‌ಗೆ ಅಪಾರ ಪ್ರೋತ್ಸಾಹವಿದೆ. 2014ರ ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು, ಬಾಲನ್ಯಾಯ ಕಾಯ್ದೆಯಡಿ ದತ್ತು ಪಡೆಯಲು ಧರ್ಮ ಅಡ್ಡಿಯಲ್ಲವೆಂದೂ, ಅದು ಐಚ್ಛಿಕವೇ ಹೊರತು ಯಾರ ಮೇಲೂ ಹೇರಿಕೆಯಲ್ಲವೆಂದೂ ಸ್ಪಷ್ಟಪಡಿಸಿದೆ. ಆ ಆಯ್ಕೆ ಅವರವರಿಗೆ ಬಿಟ್ಟದ್ದು. ನಮ್ಮ ಪ್ರಶ್ನೆ ಬೇರೆ. ನಮ್ಮ ಮನೆಗಳಲ್ಲಿ ಬೆಳೆಯುತ್ತಿರುವ ಯತೀಮ್ ಮಕ್ಕಳನ್ನು ನೋಡಲು ಯಾವ ಕಾರ್ಯಕರ್ತೆ ಬರುತ್ತಾಳೆ?

ತಂದೆ ತೀರಿಕೊಂಡ ಮಗು ಚಿಕ್ಕಪ್ಪನ ಮನೆ ಸೇರುತ್ತದೆ. ತಾಯಿ ಮರುವಿವಾಹವಾದಾಗ ಮಗಳು ಅಜ್ಜಿಯ ಮನೆಯಲ್ಲಿ ಉಳಿಯುತ್ತಾಳೆ. ದೂರದ ಬಡ ಸಂಬಂಧಿಕರ ಹುಡುಗಿಯೊಬ್ಬಳು ‘ಓದಿಸುತ್ತೇವೆ’ ಎಂಬ ಮಾತಿನ ಮೇಲೆ ಪಟ್ಟಣದ ಮನೆಗೆ ಬರುತ್ತಾಳೆ. ಇವುಗಳಲ್ಲಿ ಹೆಚ್ಚಿನವು ಪ್ರೀತಿಯ ಮನೆಗಳೇ. ಆದರೆ ಇಲ್ಲಿ ಗೃಹ ಅಧ್ಯಯನವಿಲ್ಲ, ಅನುಸರಣಾ ವರದಿಯಿಲ್ಲ, ಕಡತವೇ ಇಲ್ಲ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ ನ್ಯಾಯಾಲಯದಿಂದ ಪೋಷಕತ್ವ ಪಡೆದವರ ಮನೆಗೂ ಆರು ತಿಂಗಳಿಗೊಮ್ಮೆ ಯಾರೂ ಹೋಗುವುದಿಲ್ಲ. ಓದಲು ಬಂದ ಹುಡುಗಿ ಪಾತ್ರೆ ತೊಳೆಯುತ್ತಿದ್ದಾಳೆಯೇ, ಚಿಕ್ಕಪ್ಪನ ಮನೆಯ ಹುಡುಗ ಶಾಲೆ ಬಿಟ್ಟು ಅಂಗಡಿಯಲ್ಲಿ ನಿಂತಿದ್ದಾನೆಯೇ, ರಾತ್ರಿ ಯಾರಿಗಾದರೂ ಹೆದರಿ ಎದ್ದು ಕೂರುತ್ತಾಳೆಯೇ ಎಂದು ಕೇಳಿದರೆ, ‘ಅದು ಅವರ ಮನೆಯ ವಿಷಯ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಅನಾಥನ ವಿಷಯ ಯಾರದೋ ಮನೆಯ ವಿಷಯವಲ್ಲ. ಅನಾಥರು ಪ್ರಾಯಪ್ರಬುದ್ಧರಾದಾಗ ಅವರ ಸೊತ್ತನ್ನು ಮರಳಿಸುವ ಪೋಷಕನು ಸಾಕ್ಷಿಗಳನ್ನು ಇರಿಸಿಕೊಳ್ಳಬೇಕೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯವು ಆದೇಶಿಸುತ್ತದೆ. ಇಲ್ಲಿ ಪೋಷಕನು ಕಳ್ಳನೆಂಬ ಗುಮಾನಿಯಿಲ್ಲ. ಅನಾಥನ ಹಕ್ಕು ಒಬ್ಬನ ಆತ್ಮಸಾಕ್ಷಿಯನ್ನಷ್ಟೇ ಅವಲಂಬಿಸಿರಬಾರದು ಎಂಬ ಎಚ್ಚರವಿದೆ. ಸೊತ್ತಿಗೇ ಸಾಕ್ಷಿ ಬೇಕೆಂದಾದರೆ, ಆ ಸೊತ್ತಿನ ಒಡೆಯನಾದ ಮಗುವಿನ ಮೈ ಮನಸ್ಸುಗಳಿಗೆ ಸಾಕ್ಷಿ ಬೇಡವೇ? ಯಾರಾದರೂ ಬಂದು ಮಗುವನ್ನು ವಿಚಾರಿಸಿದರೆ ಅವಮಾನವೆಂದು ಭಾವಿಸುವವರು ಈ ಆದೇಶವನ್ನೊಮ್ಮೆ ಮನನ ಮಾಡಲಿ. ಅಮಾನತ್ತನ್ನು ಇಟ್ಟುಕೊಂಡವನಿಗೆ ಲೆಕ್ಕ ಕೇಳುವುದು ಅಪಮಾನವಲ್ಲ.

ಆದ್ದರಿಂದ ನಮ್ಮ ಜಮಾಅತ್‌ಗಳು ಕೆಲವು ಕೆಲಸಗಳನ್ನು ತಡವಿಲ್ಲದೆ ಆರಂಭಿಸಬೇಕಿದೆ. ಮೊಹಲ್ಲಾದಲ್ಲಿ ತಂದೆತಾಯಿಯರಿಂದ ಬೇರೆಯಾಗಿ ಬೆಳೆಯುತ್ತಿರುವ ಮಕ್ಕಳು ಯಾರು ಯಾರು ಎಂಬ ಅರಿವು ಮಸೀದಿಯ ಆಡಳಿತಕ್ಕೆ ಇರಬೇಕು. ರಮಝಾನಿನ ಕಿಟ್ ಹಂಚುವ ಪಟ್ಟಿಗಷ್ಟೇ ಅದು ಸೀಮಿತವಾಗಬಾರದು. ತಿಳುವಳಿಕೆಯುಳ್ಳ ಮಹಿಳೆಯರು ಆ ಮನೆಗಳಿಗೆ ಆಗಾಗ ಹೋಗಿ ಮಗುವಿನೊಂದಿಗೆ ಮಾತಾಡಬೇಕು. ಮದ್ರಸದ ಉಸ್ತಾದರು ಮಗುವಿನ ಮೈಮೇಲಿನ ಗಾಯವನ್ನು ಕಂಡು ಕಣ್ಣು ಮುಚ್ಚಬಾರದು. ಸಂದೇಹ ಬಂದಾಗ ಮಾತ್ರ ವಿಷಯವನ್ನು ಸಮಿತಿಯ ಕೋಣೆಯಲ್ಲಿ ‘ಮುಗಿಸುವ’ ಅಧಿಕಾರ ಯಾವ ಜಮಾಅತಿಗೂ ಇಲ್ಲ. 1098ಕ್ಕೆ ಕರೆ ಮಾಡಬೇಕು, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದೂ ದೂರು ನೀಡದಿರುವುದೇ ಅಪರಾಧ. ಕುಟುಂಬದ ಮಾನ ಹೋಗುತ್ತದೆ ಎಂದು ಹೇಳುವವರಿಗೆ ಮಗುವಿನ ಮಾನ ಯಾರದು ಎಂದು ಮರಳಿ ಕೇಳಬೇಕು.

ಮಗುವನ್ನು ಪಡೆಯಲಿಚ್ಛಿಸುವ ದಂಪತಿಗಳಿಗೂ ಒಂದು ಎಚ್ಚರಿಕೆ. ಆಸ್ಪತ್ರೆಯಿಂದಲೋ ಮಧ್ಯವರ್ತಿಯಿಂದಲೋ ನೇರವಾಗಿ ಮಗುವನ್ನು ಪಡೆಯುವುದು, ಉದ್ದೇಶ ಎಷ್ಟೇ ಪವಿತ್ರವಾಗಿದ್ದರೂ, ಕಾನೂನುಬಾಹಿರ. ವಿಧಿ ಮೀರಿ ದತ್ತು ಪಡೆದರೆ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ವಿಧಿಸಬಹುದು. ಮಗುವಿನ ಮಾರಾಟವಾದರೆ ಶಿಕ್ಷೆ ಇನ್ನೂ ಕಠಿಣ. ತೊರೆದುಹೋದ ಮಗು ಸಿಕ್ಕರೆ 24 ಗಂಟೆಗಳೊಳಗೆ ಪೊಲೀಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ 1098ಕ್ಕೋ ತಿಳಿಸಬೇಕು. ವಂಶನಾಮ ಬದಲಿಸದೆ ಸಾಕಲು ಬಯಸುವವರಿಗೆ ಅದೇ ಕಾಯ್ದೆಯಲ್ಲಿ ಪೋಷಕ ಪಾಲನೆಯ ವ್ಯವಸ್ಥೆಯಿದೆ. ಅದನ್ನು ವಿಚಾರಿಸಬೇಕು. ಅಲ್ಲಿ ಮನೆಯ ಪರಿಶೀಲನೆಯಿದೆ. ಅದು ಕಿರಿಕಿರಿಯಲ್ಲ, ಮಗುವಿನ ರಕ್ಷಾಕವಚ.

ಅನಾಥನ ತಲೆ ನೇವರಿಸುವುದು ಪುಣ್ಯವೆಂದು ನಾವೆಲ್ಲರೂ ಕೇಳಿ ಬೆಳೆದಿದ್ದೇವೆ. ಆ ತಲೆಯ ಮೇಲೆ ಬೀಳುವ ಏಟನ್ನು ತಡೆಯುವುದು ಅದಕ್ಕಿಂತ ಮೊದಲಿನ ಕರ್ತವ್ಯ. ಸರಕಾರವು ತನ್ನ ಕಾರ್ಯಕರ್ತರಿಗೆ ಸಮಯವನ್ನೂ ತರಬೇತಿಯನ್ನೂ ಸ್ಥಿರವಾದ ಉದ್ಯೋಗವನ್ನೂ ಕೊಡಲಿ; ಕಾರ್ಯಕರ್ತರು ಫೋಟೊದ ಹಿಂದಿರುವ ಮಗುವನ್ನು ನೋಡಲಿ; ಕುಟುಂಬಗಳು ಅವರಿಗೆ ಬಾಗಿಲು ತೆರೆಯಲಿ. ಯಾರೂ ಬಾಗಿಲು ತಟ್ಟದ ಮನೆಗಳಲ್ಲಿ ಅನಾಥರು ಬೆಳೆಯುತ್ತಿರುವವರೆಗೆ ಆ ಬಾಗಿಲು ತಟ್ಟುವ ಹೊಣೆ ನೆರೆಯವರಾದ ನಮ್ಮ ಮೇಲೆಯೇ ಇದೆ.